ಸಕ್ಕರೆ ಗಿಣಿ ಕೊಟ್ಟೋಳು

ಕನಕಪುರದ ಸುತ್ತಮುತ್ತ ಭಾನುಪ್ರಿಯಳ ಮುಖ ನೋಡದವರೂ ಅವಳ ಬಗ್ಗೆ ಒಂದು ಮಾತು ಆಡಬಲ್ಲರು, ಮತ್ತು ಆ ಮಾತು ಒಳ್ಳೆಯದಲ್ಲ. ಅವಳಿಗೀಗ ಮೂವತ್ತೇಳು ವರ್ಷ. ಹಾರೋಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಚೆಕಿಂಗ್ ಟೇಬಲ್ಲಿನ ಮುಂದೆ ದಿನವಿಡೀ ನಿಂತಿರುತ್ತಾಳೆ. ಹೊಲಿದು ಬಂದ ಶರ್ಟನ್ನು ಒಳಗೂ ಹೊರಗೂ ತಿರುಗಿಸಿ ನೋಡಿ, ಹೊಲಿಗೆ ತಪ್ಪಿದ ಕಡೆ ಬಾಣದ ಗುರುತಿನ ಸಣ್ಣ ಸ್ಟಿಕ್ಕರ್ ಅಂಟಿಸಿ ವಾಪಸ್ ಕಳಿಸುವುದು ಅವಳ ಕೆಲಸ. ಸಂಜೆ ಹೊತ್ತಿಗೆ ಕಾಲು ಊದಿಕೊಂಡು ಚಪ್ಪಲಿಯೊಳಗೆ ಹೋಗುವುದಿಲ್ಲ. ಫ್ಯಾಕ್ಟರಿ ಬಸ್ಸಿನಲ್ಲಿ ಕನಕಪುರಕ್ಕೆ ಬಂದು, ಮುದ್ದೆ ತಿರುವಿ, ಬಟ್ಟೆ ನೆನೆಹಾಕಿ ಮಲಗುತ್ತಾಳೆ. ಇಷ್ಟೇ ಅವಳ ಬದುಕು. ಆದರೆ ಒಂದು ಹಾಡಿನ ಪ್ರಕಾರ ಅವಳು ಒಬ್ಬ ಬಡಪಾಯಿಯ ಬಾಳು ಹಾಳು ಮಾಡಿದ ಹೆಂಗಸು.

ಹಾಡಿನ ಹೆಸರು ‘ಸಕ್ಕರೆ ಗಿಣಿ’. ಕಟ್ಟಿದವನೂ ಹಾಡಿದವನೂ ಅವಳದೇ ಊರು ದೊಡ್ಡಆಲಹಳ್ಳಿಯ ದೇವರಾಜು. ಆರ್ಕೆಸ್ಟ್ರಾ ದೇವರಾಜು ಅಂದರೆ ಮಾಗಡಿಯಿಂದ ಚನ್ನಪಟ್ಟಣದವರೆಗೆ ಗೊತ್ತು. ಮದುವೆಯ ಆರತಕ್ಷತೆಗೆ, ಗಣೇಶನನ್ನು ಬಿಡುವ ದಿನಕ್ಕೆ, ಹೊಸ ಸೈಟಿನ ಬಡಾವಣೆ ಉದ್ಘಾಟನೆಗೂ ಅವನನ್ನು ಕರೆಸುತ್ತಾರೆ. ಹಾಡಿನಲ್ಲಿ ಒಬ್ಬ ಹುಡುಗಿ ಸಂಕ್ರಾಂತಿಯ ದಿನ ಹುಡುಗನ ಕೈಗೆ ಸಕ್ಕರೆಯ ಗಿಣಿ ಕೊಡುತ್ತಾಳೆ. ಆಮೇಲೆ ಬೇರೆಯವನ ಹಿಂದೆ ಬಸ್ಸು ಹತ್ತಿ ಹೋಗುತ್ತಾಳೆ. ಹುಡುಗ ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಇರುತ್ತಾನೆ. ಪಲ್ಲವಿ ಹೀಗಿದೆ:

ಸಕ್ಕರೆ ಗಿಣಿ ಕೊಟ್ಟೋಳೇ, ಅಕ್ಕರೆ ಮರೆತೋಳೇ,
ಮನೆಯೋರ ಮಾತಿಗೆ ಮನಸನ್ನ ಮಡಚಿಟ್ಟೋಳೇ.

ಸುಮ್ಮನೆ ಹೇಳಬಾರದು, ಹಾಡು ಚೆನ್ನಾಗಿಯೇ ಇದೆ. ಕುಡಿದವರು ಅಳುತ್ತಾರೆ, ಕುಡಿಯದವರು ಮೊಬೈಲಿನ ಟಾರ್ಚ್ ಹಚ್ಚಿ ತಲೆ ಮೇಲೆ ಆಡಿಸುತ್ತಾರೆ. ಹಾಡಿನಲ್ಲಿ ಯಾರ ಹೆಸರೂ ಇಲ್ಲ ಅನ್ನುವುದೂ ನಿಜವೇ. ಆದರೆ ಎರಡನೇ ಚರಣದಲ್ಲಿ ಹುಣಸೆ ಮರದ ಪಕ್ಕದ ಹಸಿರು ಬಾಗಿಲು ಬರುತ್ತದೆ, ಮತ್ತು ದೊಡ್ಡಆಲಹಳ್ಳಿಯಲ್ಲಿ ಹುಣಸೆ ಮರದ ಪಕ್ಕ ಹಸಿರು ಬಾಗಿಲಿನ ಮನೆ ಇದ್ದದ್ದು ಒಂದೇ. ಅದರ ಬದಲು ಹೆಸರನ್ನೇ ಹಾಕಿದ್ದರೆ ವಾಸಿಯಿತ್ತು, ಅದೇ ಹೆಸರಿನ ಇನ್ನೂ ಮೂರು ಜನ ಸುತ್ತಮುತ್ತ ಇದ್ದರು, ಬೈಗುಳವನ್ನು ಹಂಚಿಕೊಳ್ಳುತ್ತಿದ್ದರು.

ನಡೆದದ್ದು ಏನು ಅಂದರೆ, ಹದಿನೆಂಟು ವರ್ಷದ ಹಿಂದೆ ಒಂದು ಸಂಕ್ರಾಂತಿ. ಎಳ್ಳು ಬೀರುವ ಹಬ್ಬ. ಊರಿನ ಹುಡುಗಿಯರು ಹೊಸ ಬಟ್ಟೆ ತೊಟ್ಟು, ತಟ್ಟೆಯಲ್ಲಿ ಎಳ್ಳು ಬೆಲ್ಲ, ಕಬ್ಬಿನ ತುಂಡು, ಬಾಳೆಹಣ್ಣು, ಸಕ್ಕರೆ ಅಚ್ಚು ಇಟ್ಟುಕೊಂಡು ಮನೆ ಮನೆಗೆ ಹೋಗುತ್ತಾರೆ. ಭಾನುವಿನ ಅವ್ವ ಚಿಕ್ಕಲಕ್ಷ್ಮಮ್ಮ ಸಕ್ಕರೆ ಪಾಕ ಕಾಯಿಸಿ ಮರದ ಅಚ್ಚಿನಲ್ಲಿ ತಾನೇ ಹುಯ್ಯುತ್ತಿದ್ದವಳು. ಅವರ ಮನೆಯಲ್ಲಿ ಐದು ಅಚ್ಚಿದ್ದವು: ಆನೆ, ಕಳಸ, ಮೀನು, ಕಮಲ, ಗಿಣಿ. ಆ ವರ್ಷ ಅಟ್ಟದಿಂದ ಇಳಿಸಿ ನೋಡಿದರೆ ನಾಲ್ಕಕ್ಕೆ ಹುಳು ಹತ್ತಿ ಬಿರುಕು ಬಿಟ್ಟಿದ್ದವು. ಪಾಕ ಹುಯ್ದರೆ ಕೆಳಗೆ ಸೋರುತ್ತಿತ್ತು. ಹಾಗಾಗಿ ಆ ಸಲ ಬರೀ ಗಿಣಿ. ನಲವತ್ತಮೂರು ಮನೆಗೆ ನಲವತ್ತಮೂರು ಗಿಣಿ ಹೋದವು. ದೇವರಾಜುವಿನ ಮನೆಗೆ ಹೋದಾಗ ಅವನವ್ವ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು, ಬಾಗಿಲಿಗೆ ಬಂದು ತಟ್ಟೆಯಿಂದ ತೆಗೆದುಕೊಂಡವನು ದೇವರಾಜು. ‘ತಗಳಣ್ಣ’ ಅಂದಳು ಭಾನು. ಆ ‘ಅಣ್ಣ’ ಹಾಡಿನೊಳಗೆ ಬರಲಿಲ್ಲ, ರಾಗಕ್ಕೆ ಕೂರಲಿಲ್ಲವೋ ಏನೋ.

ಯುಗಾದಿ ಕಳೆದ ಮೇಲೆ ಅವನು ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ನಿಲ್ಲಿಸಿ, ಮದುವೆಯಾಗುತ್ತೀಯಾ ಅಂತ ಕೇಳಿದ. ಮರ್ಯಾದೆಯಾಗಿಯೇ ಕೇಳಿದ, ಟವೆಲ್ಲಿನ ತುದಿಯನ್ನು ಬೆರಳಿಗೆ ಸುತ್ತುತ್ತ. ಹತ್ತೊಂಬತ್ತು ವರ್ಷದ ಭಾನುಗೆ ಅವನನ್ನು ನೋಡಿ ಅಯ್ಯೋ ಅನ್ನಿಸಿತು. ಮುಖಕ್ಕೆ ಹೊಡೆದಂತೆ ಹೇಳುವುದು ಹೇಗೆ, ಒಂದೇ ಊರಿನವರು, ನಾಳೆ ಮತ್ತೆ ಎದುರು ಸಿಕ್ಕುವವರು. ಅದಕ್ಕೇ ಊರಿನ ಎಲ್ಲ ಹುಡುಗಿಯರೂ ಹೇಳುವ ಮಾತನ್ನೇ ಅವಳೂ ಹೇಳಿದಳು. ‘ಮನೇಲಿ ಒಪ್ಪಲ್ಲ ಅಣ್ಣ.’ ಹೇಳಿ, ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು, ಸದ್ಯ ಮುಗಿಯಿತು ಅಂದುಕೊಂಡಳು.

ಎರಡು ವರ್ಷಕ್ಕೆ ಕುದೂರಿನ ಮಹೇಂದ್ರನ ಜೊತೆ ಮದುವೆಯಾಯಿತು. ಅವನು ಗೂಡ್ಸ್ ಟೆಂಪೋ ಓಡಿಸುತ್ತಿದ್ದ, ಈಗಲೂ ಓಡಿಸುತ್ತಾನೆ. ಮದುವೆಯಾದ ಮಾರನೇ ವರ್ಷ ಹಾಡು ಬಂತು. ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುತ್ತಿದ್ದ ಕಾಲ ಅದು. ಒಬ್ಬರಿಂದ ಒಬ್ಬರಿಗೆ ದಾಟಿಕೊಂಡು ಕುದೂರಿಗೂ ಬಂತು, ಅದರ ಹಿಂದೆಯೇ ಹಸಿರು ಬಾಗಿಲಿನ ಸುದ್ದಿಯೂ ಬಂತು. ಅತ್ತೆ ಮಾರಕ್ಕ ಒಂದು ವಾರ ಸೊಸೆಯ ಜೊತೆ ಮಾತು ಬಿಟ್ಟಳು. ಮಹೇಂದ್ರ ಹೊಡೆಯುವವನಲ್ಲ, ಕುಡಿಯುವುದೂ ಹಬ್ಬಕ್ಕೋ ಹುಣ್ಣಿಮೆಗೋ. ಆದರೆ ಜಗಳ ಯಾವುದಕ್ಕೇ ಶುರುವಾಗಲಿ, ಸಾರಿಗೆ ಉಪ್ಪು ಜಾಸ್ತಿಯಾದದ್ದಕ್ಕೇ ಆಗಲಿ, ಕೊನೆಗೆ ಅವನು ಆಡುವ ಮಾತು ಒಂದೇ. ‘ಹೋಗು, ನಿನ್ ಗಿಣಿ ರಾಮನ ತಾವ ಹೋಗು.’ ಅವಳು ನಲವತ್ತಮೂರು ಮನೆಯ ಲೆಕ್ಕ ಒಪ್ಪಿಸುತ್ತಿದ್ದಳು. ಬಿರುಕು ಬಿಟ್ಟ ಅಚ್ಚಿನ ಕಥೆ ಹೇಳುತ್ತಿದ್ದಳು. ಹೇಳಿದಷ್ಟೂ ಅದು ಕಳ್ಳ ಹೇಳುವ ನೆಪದ ಹಾಗೆ ಅವಳ ಕಿವಿಗೇ ಕೇಳಿಸುತ್ತಿತ್ತು.

ನಡುವೆ ಹಾಡು ಸ್ವಲ್ಪ ಹಳತಾಯಿತು. ಮಗಳು ಹುಟ್ಟಿದಳು, ಸಂಸಾರ ಕನಕಪುರಕ್ಕೆ ಬಂತು, ಭಾನು ಫ್ಯಾಕ್ಟರಿ ಸೇರಿದಳು. ಜನ ಮರೆತರು ಅಂತ ಅವಳು ನಂಬತೊಡಗಿದ್ದಳು. ಈ ವರ್ಷ ರೀಲ್ಸ್ ಮಾಡುವ ಯಾರೋ ಅದನ್ನು ಎಲ್ಲಿಂದಲೋ ಕೆದಕಿ ತೆಗೆದರು. ಮಳೆಗಾಲ ಮುಗಿಯುವಷ್ಟರಲ್ಲಿ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ, ಐರನ್ ಸೆಕ್ಷನ್ನಿನಲ್ಲಿ ಎಲ್ಲೆಲ್ಲೂ ಸಕ್ಕರೆ ಗಿಣಿ. ಯಾರೋ ದೊಡ್ಡಆಲಹಳ್ಳಿ ಕಡೆಯವರು ಹೇಳಿರಬೇಕು, ಹೆಂಗಸರು ಅವಳನ್ನು ನೋಡುವ ರೀತಿ ಬದಲಾಯಿತು. ಎದುರಿಗೆ ಯಾರೂ ಬೈಯಲಿಲ್ಲ. ‘ಪಾಪ, ಆ ಮನ್ಸ’ ಅಂತ ಅವಳ ಕಿವಿಗೆ ಬೀಳುವಷ್ಟು ಜೋರಾಗಿ ಹೇಳುತ್ತಿದ್ದರು, ಅಷ್ಟೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮಗಳಿಗೆ ಈಗ ಹದಿನಾಲ್ಕು. ಒಂದು ದಿನ ಸ್ಕೂಲಿಂದ ಬಂದವಳೇ ಬ್ಯಾಗು ಎಸೆದು, ‘ಅಮ್ಮ, ನೀನು ಒಬ್ರಿಗೆ ಮೋಸ ಮಾಡಿದ್ಯಂತೆ, ಹೌದಾ?’ ಅಂದಳು. ಭಾನು ನಲವತ್ತಮೂರು ಮನೆಯ ಕಥೆ ಶುರು ಮಾಡಿದಳು. ಮಗಳು ಅರ್ಧಕ್ಕೇ ಎದ್ದು ಟಿ.ವಿ. ಹಾಕಿದಳು.

ಹೀಗಿರುವಾಗಲೇ ಆಯುಧಪೂಜೆಗೆ ಫ್ಯಾಕ್ಟರಿಯಲ್ಲಿ ದೇವರಾಜುವಿನ ಆರ್ಕೆಸ್ಟ್ರಾ ಅಂತ ನೋಟಿಸ್ ಬೋರ್ಡಿಗೆ ಹಾಕಿದರು. ಭಾನುವಿನ ಪಕ್ಕದ ಲೈನಿನಲ್ಲಿ ಕಾಲರ್ ಹೊಲಿಯುವ ನಯನಾ ಅನ್ನುವ ಹುಡುಗಿ ಓಡಿ ಬಂದು ಸುದ್ದಿ ಹೇಳಿದಳು. ಇಪ್ಪತ್ತೊಂದು ವರ್ಷದವಳು, ಬಸ್ಸಿನಲ್ಲಿ ದಿನಾ ಭಾನುವಿನ ಪಕ್ಕವೇ ಕೂರುವವಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಭಾನು ಸುಮ್ಮನೆ ಕೈಲಿದ್ದ ಶರ್ಟಿಗೆ ಸ್ಟಿಕ್ಕರ್ ಅಂಟಿಸಿದಳು, ಆಮೇಲೆ ನೋಡಿದರೆ ಆ ಶರ್ಟಿನಲ್ಲಿ ತಪ್ಪೇ ಇರಲಿಲ್ಲ.

ರಜಾ ಹಾಕಬಹುದಿತ್ತು. ಎರಡು ದಿನ ಅದನ್ನೇ ಯೋಚಿಸಿದಳು. ಮೂರನೇ ದಿನ ಅವಳಿಗೆ ಅನ್ನಿಸಿತು, ಇಷ್ಟು ವರ್ಷ ಊರಿಗೆಲ್ಲ ಲೆಕ್ಕ ಒಪ್ಪಿಸಿದ್ದು ಸಾಕು, ಹಾಡು ಕಟ್ಟಿದವನೇ ಬರುತ್ತಿದ್ದಾನೆ, ಅವನ ಬಾಯಿಂದಲೇ ಒಂದು ಮಾತು ಬರಲಿ. ಆ ಹುಡುಗಿ ನನಗೆ ಮಾತು ಕೊಟ್ಟಿರಲಿಲ್ಲ ಅಂತ ಅವನು ಮೈಕಿನಲ್ಲಿ ಒಂದೇ ಒಂದು ಸಲ ಹೇಳಿದರೆ ಅವಳ ತಲೆ ಮೇಲಿನ ಹೊರೆ ಇಳಿಯುತ್ತದೆ. ಅದನ್ನು ಯಾರಾದರೂ ಮೊಬೈಲಿನಲ್ಲಿ ಹಿಡಿದೇ ಹಿಡಿಯುತ್ತಾರೆ. ಮಗಳಿಗೆ ತೋರಿಸಬಹುದು.

ಆಯುಧಪೂಜೆಯ ದಿನ ಹೊಲಿಗೆ ಮಿಷನ್ನುಗಳಿಗೆಲ್ಲ ವಿಭೂತಿ, ಕುಂಕುಮ ಹಚ್ಚಿ, ಬೂದುಗುಂಬಳಕಾಯಿ ಒಡೆದು, ಕಡ್ಲೆಪುರಿ ಸ್ವೀಟು ಹಂಚಿ ಹನ್ನೊಂದು ಗಂಟೆಗೆಲ್ಲ ಪೂಜೆ ಮುಗಿಯಿತು. ಹೆಂಗಸರೆಲ್ಲ ರೇಷ್ಮೆ ಸೀರೆಯಲ್ಲಿ ಶಾಮಿಯಾನದ ಕೆಳಗೆ ಕೂತರು. ಭಾನು ಸ್ಟೇಜಿನ ಹಿಂದಕ್ಕೆ ಹೋದಳು. ಅಲ್ಲಿ ಜನರೇಟರಿನ ಪಕ್ಕ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ದೇವರಾಜು ಬಿಸಿನೀರಲ್ಲಿ ಗಂಟಲು ಮುಕ್ಕಳಿಸುತ್ತಿದ್ದ. ಹನ್ನೆರಡು ವರ್ಷವಾಗಿತ್ತು ಅವಳು ಅವನನ್ನು ನೋಡಿ. ಕೂದಲಿಗೆ ಬಣ್ಣ ಹಚ್ಚಿದ್ದ, ಕಿವಿಯ ಮೇಲೆ ಬಿಳಿ ಬೇರು ಕಾಣುತ್ತಿತ್ತು. ಹೊಳೆಯುವ ಕೋಟಿನ ಗುಂಡಿ ಹೊಟ್ಟೆಯ ಮೇಲೆ ಕಷ್ಟಪಟ್ಟು ನಿಂತಿತ್ತು. ಇವನನ್ನು ನೋಡಿ ಜನ ಅಳುವುದು ಹೇಗೆ ಅಂತ ಅವಳಿಗೆ ಒಂದು ಗಳಿಗೆ ನಗು ಬಂತು, ಆಮೇಲೆ ಅದೂ ಹೋಯಿತು.

‘ದೇವರಾಜಣ್ಣ’ ಅಂದಳು.

ಅವನು ಗಡಬಡಿಸಿ ಎದ್ದ. ನೀರನ್ನು ಪಕ್ಕಕ್ಕೆ ಉಗಿದು, ಬಾಯಿ ಒರೆಸಿಕೊಂಡು, ತನ್ನ ಕುರ್ಚಿಯನ್ನೇ ಅವಳ ಕಡೆ ತಳ್ಳಿದ. ‘ಕೂತ್ಕೊ ಭಾನು. ಇಲ್ಲೇ ಕೆಲಸಕ್ಕಿದ್ದೀಯ? ನಂಗೆ ಗೊತ್ತಿದ್ರೆ ಈ ಪ್ರೋಗ್ರಾಮ್ ಒಪ್ಕತಿರ್ಲಿಲ್ಲ.’

‘ಇರ್ಲಿ ಬುಡಣ್ಣ. ಕೂರಾಕೆ ಬಂದಿಲ್ಲ. ಒಂದ್ ಮಾತು ಕೇಳಾಕೆ ಬಂದೆ. ಆ ಹಾಡು...’

‘ಹಾಡಬ್ಯಾಡ ಅಂತೀಯ’ ಅಂದ ಅವನು. ಅವಳು ಬಾಯಿ ತೆರೆಯುವ ಮೊದಲೇ ತಾನೇ ಮುಂದುವರಿಸಿದ. ‘ನಂಗೂ ಸಾಕಾಗೈತೆ ಕಣಮ್ಮಿ. ದೇವರಾಣೆ ಸಾಕಾಗೈತೆ. ಬ್ಯಾರೆ ಹಾಡು ಕಟ್ನಿಲ್ವಾ? ಕಟ್ದೆ, ಇಪ್ಪತ್ತು ಕಟ್ದೆ. ಒಂದೂ ಯಾರ್ಗೂ ಬ್ಯಾಡ. ಸ್ಟೇಜ್ ಹತ್ತುತಿದ್ದಂಗೆ ಗಿಣಿ, ಗಿಣಿ ಅಂತಾರೆ. ಮನೇಲಿ ನಮ್ಮವ್ಳು ಈ ಹಾಡು ಕಿವಿಗ್ ಬಿದ್ರೆ ಎದ್ದು ಒಳೀಕೆ ಹೋಯ್ತಾಳೆ. ಎಂಟು ವರ್ಷದಿಂದ ಹಿಂಗೇಯ.’

ಅವನ ಹೆಂಡತಿಯ ವಿಷಯ ಭಾನು ಯಾವತ್ತೂ ಯೋಚಿಸಿರಲಿಲ್ಲ. ಕಂಡಿರದ ಆ ಹೆಂಗಸಿನ ಬಗ್ಗೆ ಅವಳಿಗೆ ಪಾಪ ಅನ್ನಿಸಿತು.

‘ಹಾಡ್ಬ್ಯಾಡ ಅಂತಿಲ್ಲ. ಹಾಡು. ಅದ್ಕೆ ಮುಂಚೆ ಮೈಕಲ್ಲಿ ಒಂದ್ ಮಾತು ಹೇಳ್ಬುಡು. ಆ ಹುಡ್ಗಿ ನಂಗೆ ಮಾತು ಕೊಟ್ಟಿರ್ಲಿಲ್ಲ, ಗಿಣಿ ಊರೋರ್ಗೆಲ್ಲ ಕೊಟ್ಟಿದ್ಲು ಅಂತ. ಅಷ್ಟು ಹೇಳು ಸಾಕು. ನನ್ ಮಗ್ಳು ನನ್ನೇ ಕೇಳ್ತಾಳೆ ಕಣಣ್ಣ, ಮೋಸ ಮಾಡಿದ್ಯಂತೆ ಅಂತ.’

ದೇವರಾಜು ತಲೆ ತಗ್ಗಿಸಿ ಮಫ್ಲರಿನ ತುದಿ ಹಿಡಿದುಕೊಂಡು ನಿಂತ. ‘ಗಿಣಿ ವಿಷ್ಯ ನಂಗೆ ಅವತ್ತೇ ಗೊತ್ತಾಗಿತ್ತು’ ಅಂದ. ‘ಸಂಜೀಕೆ ನಮ್ಮವ್ವ ಪಕ್ಕದ್ ಮನೇಲೂ ಅದೇ ಗಿಣಿ ನೋಡ್ಕಂಡ್ ಬಂದ್ಲು. ನಕ್ಕಂಡ್ ಹೇಳಿದ್ಲು.’

ಇಷ್ಟು ವರ್ಷ ಅವನು ತಿಳಿಯದೆ ತಪ್ಪು ಮಾಡಿದ ಅಂತ ಭಾನು ಅಂದುಕೊಂಡಿದ್ದಳು. ‘ಗೊತ್ತಿದ್ದೂ ಹಿಂಗ್ ಮಾಡ್ದ್ಯಾ?’

‘ಗಿಣಿಗೋಸ್ಕರ ಕಟ್ಟಿದ್ದಲ್ಲಮ್ಮಿ ಅದು. ಪ್ರಾಸಕ್ಕೆ ಚೆಂದ ಅಂತ ಹಾಕ್ಕಂಡೆ. ನೀನು ಬಸ್‌ಸ್ಟ್ಯಾಂಡಲ್ಲಿ ಅಂದೆ ನೋಡು, ಮನೇಲಿ ಒಪ್ಪಲ್ಲ ಅಂತ. ಆ ಮಾತು ನನ್ನ ಬುಡಲೇ ಇಲ್ಲ. ಮನೇಲಿ ಒಪ್ಪಿದ್ರೆ ಬತ್ತಿದ್ದೆ ಅಂತ ತಾನೆ ಅದ್ರರ್ಥ?’

ಅವನು ಅವಳ ಮುಖ ನೋಡಿದ. ಬಣ್ಣ ಹಚ್ಚಿದ ಕೂದಲು, ಹೊಳೆಯುವ ಕೋಟು ಎಲ್ಲ ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಟವೆಲ್ಲಿನ ತುದಿ ಸುತ್ತುತ್ತ ನಿಂತಿದ್ದವನೇ ಅಲ್ಲಿದ್ದ. ಈ ಒಂದು ಮಾತನ್ನು ಅವನು ಹದಿನೆಂಟು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದಾನೆ, ಅದನ್ನೂ ಕಿತ್ತುಕೊಂಡರೆ ಇವನ ಹತ್ತಿರ ಏನು ಉಳಿಯುತ್ತದೆ ಅಂತ ಅವಳಿಗೆ ಅನ್ನಿಸಿತು. ಉತ್ತರ ಗೊತ್ತಿತ್ತು. ಗಂಟಲಿಗೂ ಬಂದಿತ್ತು. ಅಷ್ಟರಲ್ಲಿ ಕೀಬೋರ್ಡಿನವನು ಪರದೆ ಸರಿಸಿ, ‘ಅಣ್ಣ, ಟೈಮಾಯ್ತು’ ಅಂದ.

‘ಹೋಗಣ್ಣ, ಹೊತ್ತಾಯ್ತು’ ಅಂದಳು ಭಾನು.

‘ನೀ ಕೇಳಿದ್ದು ಹೇಳ್ತೀನಿ’ ಅಂತ ಹೇಳಿ ಅವನು ಮೆಟ್ಟಿಲು ಹತ್ತಿದ.

ಮಾತಿಗೆ ತಪ್ಪಲಿಲ್ಲ. ಅದನ್ನು ಒಪ್ಪಿಕೊಳ್ಳಬೇಕು. ನಾಲ್ಕು ಹಾಡು ಆದ ಮೇಲೆ ಜನ ಗಿಣಿ ಗಿಣಿ ಅಂತ ಕೂಗತೊಡಗಿದಾಗ ಅವನು ಕೈ ಎತ್ತಿ ವಾದ್ಯ ನಿಲ್ಲಿಸಿದ. ಭಾನು ಕೊನೆಯ ಸಾಲಿನಲ್ಲಿ, ಕಂಬದ ಪಕ್ಕ ಕೂತಿದ್ದಳು.

‘ಈ ಹಾಡು ಹಾಡೋ ಮುಂಚೆ ಒಂದು ಮಾತು ಹೇಳ್ಬೇಕು’ ಅಂದ. ‘ಈ ಹಾಡಲ್ಲಿರೋ ಹುಡುಗಿನ ಯಾರೂ ಬೈಬೇಡಿ. ಅವಳು ನನಗೆ ಮಾತು ಕೊಟ್ಟಿರಲಿಲ್ಲ. ಸಕ್ಕರೆ ಗಿಣಿ ಊರಿಗೆಲ್ಲ ಕೊಟ್ಟಿದ್ದಳು, ನನಗೊಬ್ಬನಿಗೇ ಅಲ್ಲ. ತಪ್ಪು ತಿಳ್ಕೊಂಡೋನು ನಾನು.’

ಮುಂದಿನ ಸಾಲಿನಲ್ಲಿ ಹತ್ತಾರು ಮೊಬೈಲು ಮೇಲೆದ್ದಿದ್ದವು. ಆಯಿತು, ಅಂದುಕೊಂಡಳು ಭಾನು. ಇಷ್ಟು ವರ್ಷಕ್ಕೆ ಆಯಿತು.

ಆದರೆ ದೇವರಾಜು ಮೈಕು ಕೆಳಗಿಳಿಸಲಿಲ್ಲ. ‘ಮನೇಲಿ ಒಪ್ಪಲಿಲ್ಲ. ಹೆಣ್ಣುಮಗಳು, ಅವಳಾದ್ರೂ ಏನ್ ಮಾಡ್ತಾಳೆ? ಎಲ್ಲೇ ಇರಲಿ, ಯಾರ ಮನೆಯಲ್ಲೇ ಇರಲಿ, ತಣ್ಣಗಿರಲಿ.’ ಕೊನೆಯ ಮಾತಿಗೆ ಅವನ ದನಿ ಒಡೆಯಿತು. ಅದು ನಾಟಕವಲ್ಲ ಅಂತ ಭಾನುಗೆ ಗೊತ್ತಾಯಿತು, ಅದೇ ಕಷ್ಟ. ಶಿಳ್ಳೆ, ಚಪ್ಪಾಳೆ ಶಾಮಿಯಾನವೇ ಎದ್ದು ಹೋಗುವಷ್ಟು ಬಿದ್ದವು. ಐರನ್ ಸೆಕ್ಷನ್ನಿನ ಗಂಡಸರು ಎದ್ದು ನಿಂತರು. ‘ಎಂಥಾ ಮನ್ಸು ನೋಡೇ, ಇವತ್ಗೂ ಅವಳ್ನ ಬುಟ್ಕೊಡಲ್ಲ’ ಅಂತ ಅವಳ ಮುಂದಿನ ಸಾಲಿನವಳು ಪಕ್ಕದವಳಿಗೆ ಹೇಳಿ ಕಣ್ಣೊರೆಸಿಕೊಂಡಳು. ಆಮೇಲೆ ಮೂರು ಜನ ಒಟ್ಟಿಗೆ ಹಿಂದೆ ತಿರುಗಿ ಭಾನುವನ್ನು ನೋಡಿದರು. ಹಾಡು ಶುರುವಾಯಿತು. ಆವತ್ತು ಅವನು ಹಾಡಿದಷ್ಟು ಚೆನ್ನಾಗಿ ಯಾವತ್ತೂ ಹಾಡಿರಲಿಲ್ಲವಂತೆ, ಕೇಳಿದವರು ಈಗಲೂ ಹೇಳುತ್ತಾರೆ.

ಮೂರೂವರೆಗೆ ಬಸ್ಸು ಹೊರಟಿತು. ಹಾರೋಹಳ್ಳಿ ದಾಟುವ ಮೊದಲೇ ಮಹೇಂದ್ರನ ಫೋನು ಬಂತು. ಅವನು ತುಮಕೂರು ರಸ್ತೆಯಲ್ಲೆಲ್ಲೋ ಲೋಡ್ ಇಳಿಸುತ್ತಿದ್ದ. ವಿಡಿಯೋ ಅಲ್ಲಿಗೆ ತಲುಪಿಯಾಗಿತ್ತು.

‘ನೋಡ್ದೆ ಕಣೆ’ ಅಂದ. ಅವಳು ಕಾಯುತ್ತಿದ್ದಳು. ಗಿಣಿ ಎಲ್ಲರಿಗೂ ಕೊಟ್ಟದ್ದು ನಿಜವೇ ಅಂತಾನೆ ಅಂತ ಕಾಯುತ್ತಿದ್ದಳು. ಅವನು ‘ಒಳ್ಳೆ ಮನ್ಸ ಕಣೆ ಅವ್ನು. ನಾನೇ ತಪ್ಪು ತಿಳ್ಕಂಡಿದ್ದೆ. ಪಾಪ, ನಿಮ್ಮಪ್ಪ ಒಸಿ ಯೋಚ್ನೆ ಮಾಡ್ಬೋದಿತ್ತು’ ಅಂದ. ವ್ಯಂಗ್ಯವಾಗಿ ಅಲ್ಲ, ಮನಸ್ಸಿಟ್ಟೇ ಅಂದ. ಅವಳು ‘ಹ್ಞೂಂ’ ಅಂತ ಫೋನಿಟ್ಟಳು. ಕೈಹಿಡಿದ ಗಂಡನೂ ಈಗ ಅವನ ಕಡೆಯೇ. ಸತ್ತು ಹೋದ ಅಪ್ಪನ ತಲೆಗೂ ಒಂದು ತಪ್ಪು ಬಂತು, ದೇವರಾಜು ಅನ್ನುವ ಹೆಸರನ್ನು ಮನೆಯಲ್ಲಿ ಯಾರೂ ಅಪ್ಪನ ಮುಂದೆ ಎತ್ತಿರಲೇ ಇಲ್ಲ. ಅವಳಿಗೆ ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮೈಯೆಲ್ಲ ಸುಸ್ತು. ಇವತ್ತು ದಿನವಿಡೀ ನಿಂತಿರದಿದ್ದರೂ ಕಾಲು ಊದಿತ್ತು.

ಪಕ್ಕದಲ್ಲಿ ಕೂತಿದ್ದ ನಯನಾ ಎಲ್ಲ ಕೇಳಿಸಿಕೊಂಡಿದ್ದಳು. ಕೊನೆಗೆ ತಡೆಯಲಾಗಲಿಲ್ಲ.

‘ಅಕ್ಕ, ಬೇಜಾರ್ ಮಾಡ್ಕೋಬೇಡಿ, ಒಂದ್ ಕೇಳ್ತೀನಿ. ಅಷ್ಟೊಂದು ಆಸೆ ಮಡ್ಗಿದ್ದೋರ್ನ ಹೆಂಗ್ ಬುಟ್ರಿ? ಮನೇಲಿ ಅಷ್ಟು ಹೆದ್ರಿಸಿದ್ರಾ?’

ಭಾನುವಿನ ಬಾಯಿಗೆ ಅಭ್ಯಾಸದಂತೆ ನಲವತ್ತಮೂರು ಮನೆ ಬಂತು. ಬಂದದ್ದನ್ನು ಹಾಗೇ ನುಂಗಿಕೊಂಡಳು. ಅದನ್ನು ಹೇಳಿ ಹೇಳಿ ಅವಳಿಗೇ ಸಾಕಾಗಿತ್ತು. ಅದೂ ಅಲ್ಲದೆ ಗಿಣಿಯನ್ನು ಅವನೊಬ್ಬನಿಗೇ ಕೊಟ್ಟಿದ್ದರೆ ಏನಾಗುತ್ತಿತ್ತು? ಅಷ್ಟಕ್ಕೆ ಅವನನ್ನು ಕಟ್ಟಿಕೊಳ್ಳಬೇಕಿತ್ತಾ? ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಅವಳು ಯಾರಿಗೂ ಕೇಳಿರಲಿಲ್ಲ, ತನಗೂ ಕೇಳಿಕೊಂಡಿರಲಿಲ್ಲ.

‘ಮನೇಲಿ ಯಾರೂ ಹೆದ್ರಿಸ್ನಿಲ್ಲ’ ಅಂದಳು. ‘ಮನೇಲಿ ನಾನು ಕೇಳೇ ಇರ್ಲಿಲ್ಲ. ನಂಗೆ ಅವ್ನು ಇಷ್ಟ ಇರ್ಲಿಲ್ಲ ಕಣೆ.’

ನಯನಾ ಮುಂದಿನದಕ್ಕೆ ಕಾದಳು.

‘ಕೆಟ್ಟೋರಾಗಿದ್ರಾ?’

‘ಇಲ್ಲ. ಒಳ್ಳೆಯೋನೇಯ.’

‘ಮತ್ತೆ?’

‘ಮತ್ತೇನಿಲ್ಲ. ಇಷ್ಟ ಇರ್ಲಿಲ್ಲ.’

ಬಸ್ಸು ಹತ್ತಿದಾಗಿನಿಂದ ನಯನಾಳ ಮೊಬೈಲು ತೊಡೆಯ ಮೇಲೆ ಮತ್ತೆ ಮತ್ತೆ ಬೆಳಗುತ್ತಿತ್ತು. ಒಂದೇ ನಂಬರು. ಅವಳು ಎತ್ತುತ್ತಲೂ ಇರಲಿಲ್ಲ, ಕಟ್ ಮಾಡುತ್ತಲೂ ಇರಲಿಲ್ಲ. ಈಗ ಅದನ್ನು ಬೋರಲು ಹಾಕಿ, ಅಂಗೈಯಿಂದ ಒತ್ತಿ ಹಿಡಿದು ಕೇಳಿದಳು. ‘ಇಷ್ಟ ಇಲ್ಲ ಅಂತ ಅಷ್ಟೇ ಹೇಳಿದ್ರೆ ಸಾಕಾ ಅಕ್ಕ? ಇವ್ನಿಗೆ ನಾನೂ, ಮನೇಲಿ ಒಪ್ಪಲ್ಲ ಅಂದ್ಬುಡ್ವ ಅಂತಿದ್ದೆ.’

ಭಾನು ಅವಳ ಮುಖವನ್ನು ಸರಿಯಾಗಿ ನೋಡಿದಳು. ಸಾಕಾಗುತ್ತದೋ ಇಲ್ಲವೋ ಅವಳಿಗೇನು ಗೊತ್ತು. ಹೇಳಬೇಕಾದವನಿಗೆ ಹೇಳಬೇಕಾದಾಗ ಹೇಳಿದ್ದರೆ ತಾನೆ ಗೊತ್ತಾಗುತ್ತಿದ್ದದ್ದು. ಇವತ್ತೂ ಜನರೇಟರಿನ ಪಕ್ಕ ನಿಂತು, ಪಾಪ ಅಂತ ಬಾಯಿ ಮುಚ್ಚಿಕೊಂಡು ಬಂದಿದ್ದಳು.

‘ಸಾಕಾಗ್ಬೇಕು’ ಅಂದಳು. ‘ನಾನು ಹೇಳ್ನಿಲ್ಲ. ನೀನು ಹೇಳು.’